ಸೆಪ್ಟೆಂಬರ್‌ನಲ್ಲಿ ಬ್ಯಾಸ್ ಮೀನು ಎಲ್ಲಿ ಹೋಗುತ್ತದೆ?

[ದೃಶ್ಯ: ಮುಂಜಾವಿನ ಮಂಜು. ನೀರಿನಿಂದ ಮೇಲೆದ್ದ ಒಣಮರಗಳು. ದೋಣಿಯಲ್ಲಿ ನಿರೂಪಕ.]

ನಮಸ್ಕಾರ. ನಾನೀಗ ಟೆಕ್ಸಾಸ್‌ನ ಲೇಕ್ ಫೋರ್ಕ್‌ನಲ್ಲಿದ್ದೇನೆ. ಡಲ್ಲಾಸ್‌ನಿಂದ ಪೂರ್ವಕ್ಕೆ ಹೆಚ್ಚುಕಡಿಮೆ ಒಂದೂವರೆ ಗಂಟೆಯ ದಾರಿ. ಲೇಕ್ ಎನ್ನುತ್ತಾರಾದರೂ ಇದು ಅಣೆಕಟ್ಟಿನ ಹಿನ್ನೀರು. 1980ರಲ್ಲಿ ಕಟ್ಟೆ ಮುಗಿದು ಸುಮಾರು 27,000 ಎಕರೆ ಮುಳುಗಿತು. ಎಷ್ಟೋ ಕಡೆ ಮರಗಳನ್ನು ಕಡಿಯದೆ ಹಾಗೆಯೇ ಬಿಟ್ಟರು. ಈಗ ಆ ಮರಗಳ ಬುಡದಲ್ಲಿ ಲಾರ್ಜ್‌ಮೌತ್ ಬ್ಯಾಸ್ ಸಂಸಾರ ಹೂಡಿದೆ.

ಜುಲೈಯಲ್ಲಿ ಮೀನು ಸಿಕ್ಕ ಜಾಗದಲ್ಲೇ ಸೆಪ್ಟೆಂಬರ್ ಕೊನೆಗೆ ಗಾಳ ಹಾಕಿದರೆ ಬರಿಗೈ. ಮೊದಲ ವರ್ಷ ನಾನು ಎರಡು ಶನಿವಾರ ಹಾಗೆ ಕಳೆದು, ತಪ್ಪನ್ನೆಲ್ಲ ಗಾಳದ ಕಡ್ಡಿಯ ಮೇಲೆ ಹೊರಿಸಿದ್ದೆ.

[ದೃಶ್ಯ: ಬಕೆಟ್‌ನ ತಣ್ಣೀರಿನ ಮೇಲೆ ನಿಧಾನವಾಗಿ ಬಿಸಿನೀರು ಸುರಿಯುವುದು]

ಬಚ್ಚಲಲ್ಲಿ ಎಲ್ಲರೂ ಕಂಡದ್ದೇ. ಮೇಲೆ ಕೈ ಸುಡುತ್ತದೆ, ತಳದಲ್ಲಿ ಕೊರೆಯುತ್ತದೆ, ಚೊಂಬು ಹಾಕಿ ಕಲಕುವವರೆಗೆ ಎರಡೂ ಬೆರೆಯುವುದಿಲ್ಲ. ಬೇಸಿಗೆಯ ಕೆರೆಯೂ ಹಾಗೆಯೇ. ಮೇಲೆ ಹಗುರವಾದ ಬಿಸಿನೀರು, ಕೆಳಗೆ ಭಾರವಾದ ತಣ್ಣೀರು, ನಡುವೆ ಉಷ್ಣತೆ ದಿಢೀರನೆ ಇಳಿಯುವ ಪದರ. ಅದಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ತಳದಲ್ಲಿ ಕೊಳೆಯುವ ಎಲೆ, ಕಸ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಮೇಲಿನ ಗಾಳಿ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಮೀನು ಆ ಗೆರೆಯ ಮೇಲೆಯೇ ಉಳಿಯುತ್ತದೆ.

ಸೆಪ್ಟೆಂಬರ್‌ನ ರಾತ್ರಿಗಳು ಚೊಂಬು ಹಾಕಲು ಶುರುಮಾಡುತ್ತವೆ. ಮೇಲಿನ ನೀರು ತಣಿದು, ಭಾರವಾಗಿ, ಕೆಳಗಿಳಿಯುತ್ತದೆ. ಆದರೆ ಕೆರೆ ಒಂದೇ ರಾತ್ರಿಯಲ್ಲಿ ಮಗುಚಿಕೊಳ್ಳುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಟೆಕ್ಸಾಸ್‌ನ ಸೆಕೆಯಲ್ಲಿ ಪೂರ್ತಿ ಬೆರೆಯಲು ವಾರಗಳೇ ಬೇಕು.

ಅಷ್ಟರೊಳಗೆ ಶ್ಯಾಡ್ ಎಂಬ ಬೆಳ್ಳಿಮೀನಿನ ಹಿಂಡುಗಳು ಹೊರಟುಬಿಟ್ಟಿರುತ್ತವೆ. ಹಿನ್ನೀರಿಗೆ ಸೇರುವ ಹಳ್ಳಗಳ ಒಳಮೂಲೆಗಳ ಕಡೆ ಅವುಗಳ ಪಯಣ. ಬ್ಯಾಸ್ ಅವುಗಳ ಬೆನ್ನು ಹತ್ತುತ್ತದೆ. ಬ್ಯಾಸ್ ಹುಡುಕುವುದನ್ನು ಬಿಟ್ಟು ಶ್ಯಾಡ್ ಹುಡುಕಲು ತೊಡಗಿದ ದಿನವೇ ನನ್ನ ಶನಿವಾರಗಳು ಸುಧಾರಿಸಿದವು.

[ದೃಶ್ಯ: ಹಳ್ಳದ ಬಾಯಿ. ನೀರಿನ ಮೇಲೆ ಚಿಮ್ಮುವ ಸಣ್ಣ ಮೀನುಗಳು]

ಅಗೋ, ನೋಡಿ! ಯಾರೋ ಹಿಡಿ ಜಲ್ಲಿ ಎಸೆದಂತೆ ನೀರು ಸಿಡಿಯಿತಲ್ಲ, ಅದು ಶ್ಯಾಡ್ ಜೀವ ಉಳಿಸಿಕೊಳ್ಳಲು ಹಾರಿದ್ದು. ಕೆಳಗೆ ಬ್ಯಾಸ್ ಬಾಯಿ ತೆರೆದಿದೆ. ಊರಿನ ಕೆರೆಯಲ್ಲಾದರೆ ಎರೆಹುಳು ಸಿಕ್ಕಿಸಿ ಬೆಂಡು ಮುಳುಗುವುದನ್ನು ಕಾಯುತ್ತಿದ್ದೆವು. ಇಲ್ಲಿ ಅಷ್ಟು ಹೊತ್ತು ಹಿಂಡು ನಿಲ್ಲುವುದಿಲ್ಲ. ಬೆಳ್ಳಿಬಣ್ಣದ, ಬೆರಳುದ್ದದ ಕೃತಕ ಮೀನನ್ನು ಹಿಂಡಿನ ಆಚೆ ಎಸೆದು, ಗಾಯಗೊಂಡದ್ದರಂತೆ ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ನಿಲ್ಲಿಸಿದಾಗಲೇ ಏಟು ಬೀಳುವುದು ಹೆಚ್ಚು. ಹೊಸಬರು ಅಲ್ಲಿಯೇ ಅವಸರ ಮಾಡುತ್ತಾರೆ.

ಬಂತು. ಕಡ್ಡಿ ಬಿಲ್ಲಿನಂತೆ ಬಾಗಿದೆ.

[ದೃಶ್ಯ: ಮೀನನ್ನು ಹತ್ತಿರದಿಂದ]

ಬಾಯಿಯ ಮೂಲೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುವುದನ್ನು ಗಮನಿಸಿ. ಲಾರ್ಜ್‌ಮೌತ್ ಎಂಬ ಹೆಸರು ಬಂದದ್ದು ಹೀಗೆ. ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ. ಕೆಳತುಟಿಯನ್ನು ಹೆಬ್ಬೆರಳಿನಿಂದ ಹಿಡಿಯಬಹುದು, ಹಲ್ಲು ಮರಳುಕಾಗದದಷ್ಟೇ ಒರಟು. ದೊಡ್ಡ ಮೀನಾದರೆ ಹೊಟ್ಟೆಗೆ ಇನ್ನೊಂದು ಕೈ ಕೊಡಿ. ಕೈ ಒದ್ದೆಯಾಗಿರಲಿ, ಒಣಗೈ ಅದರ ಮೈಲೋಳೆಯನ್ನು ಕೀಳುತ್ತದೆ.

ಅಳತೆ ಹದಿನೆಂಟು ಇಂಚು. ಇಲ್ಲಿ 16ರಿಂದ 24 ಇಂಚಿನ ಬ್ಯಾಸ್ ಅನ್ನು ಮನೆಗೆ ಒಯ್ಯುವಂತಿಲ್ಲ, ನೀರಿಗೇ ಬಿಡಬೇಕು. ಹದಿನೇಳು ತುಂಬಿದವರಿಗೆ ಪರವಾನಗಿಯೂ ಬೇಕು. ಈ ಕಟ್ಟುನಿಟ್ಟಿಗೆ ಫಲ ಸಿಕ್ಕಿದೆ ಎಂದೇ ನನ್ನ ಅನಿಸಿಕೆ. ಟೆಕ್ಸಾಸ್‌ನ ದಾಖಲೆಯ ಬ್ಯಾಸ್, 18.18 ಪೌಂಡ್, ಎಂದರೆ ಎಂಟು ಕಿಲೋಗೂ ಮಿಕ್ಕಿದ್ದು, 1992ರಲ್ಲಿ ಇದೇ ನೀರಿನಲ್ಲಿ ಸಿಕ್ಕಿತು. ಅದು ಜನವರಿಯ ಮೀನು. ಸೆಪ್ಟೆಂಬರ್‌ನಲ್ಲಿ ಅಂತಹ ಗಜಗಾತ್ರದ ಆಸೆ ಇಟ್ಟುಕೊಳ್ಳದಿರುವುದೇ ಮೇಲು.

ಇವಳನ್ನು ಬಿಡೋಣ. ಗಂಡೋ ಹೆಣ್ಣೋ ಗೊತ್ತಿಲ್ಲ, ನಾನು ಎಲ್ಲಕ್ಕೂ ಇವಳು ಎನ್ನುತ್ತೇನೆ.

[ದೃಶ್ಯ: ನೀರೊಳಗೆ ಕೈ. ಕಿವಿರು ಎರಡು ಸಲ ತೆರೆದು ಮುಚ್ಚುತ್ತದೆ. ಬಾಲ ಬಡಿಯುತ್ತದೆ, ಕ್ಯಾಮೆರಾದ ಗಾಜಿನ ಮೇಲೆ ಹನಿಗಳು.]