ಬೋರ್ಡ್ ಎಂಬ ಹಳೆಯ ಪದ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಅದು ಇಂಗ್ಲಿಷಿನದು. ಆದರೆ ಇಂಗ್ಲಿಷಿನ ಒಂದು ಅಕ್ಷರ ಬಾರದವರ ಬಾಯಲ್ಲೂ ದಿನಾ ಬರುತ್ತದೆ. ಬೋರ್ಡ್.

ಬಸ್ ನಿಲ್ದಾಣದಲ್ಲಿ "ಬೋರ್ಡ್ ನೋಡಿ ಹತ್ತಿ" ಅನ್ನುತ್ತೇವೆ. ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿಗೆ ಬಂದರೆ "ಈ ಸಲ ಬೋರ್ಡ್ ಎಗ್ಸಾಮ್ ಅಲ್ವಾ" ಅಂತ ಕೇಳುತ್ತೇವೆ. ಪೇಟೆಯ ಹಳೆಯ ಹೋಟೆಲಿನ ನೆತ್ತಿಯ ಮೇಲೆ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಅಂತ ಬರೆದಿರುತ್ತದೆ. ವಿಮಾನ ನಿಲ್ದಾಣದಲ್ಲಿ ಕೈಗೆ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಕೇರಂಗೂ ಬೋರ್ಡ್ ಬೇಕು, ಕಂಪನಿಗೂ ಬೋರ್ಡ್ ಬೇಕು. ಮರದ ಹಲಗೆ, ಪರೀಕ್ಷೆ ನಡೆಸುವ ಸಂಸ್ಥೆ, ಹೋಟೆಲಿನ ಊಟ, ವಿಮಾನ ಹತ್ತುವುದು, ಇಷ್ಟಕ್ಕೂ ಒಂದೇ ಪದ ಹೇಗೆ ಬಂತು? ಹುಡುಕುತ್ತಾ ಹೋದರೆ ಪ್ರತಿ ಅರ್ಥದ ಹಿಂದೆಯೂ ಕೈಯಲ್ಲಿ ಮುಟ್ಟಬಹುದಾದ ಒಂದು ಮರದ ಸಾಮಾನು ಸಿಗುತ್ತದೆ. ನನಗೆ ಈ ಪದ ಇಷ್ಟವಾಗುವುದೇ ಅದಕ್ಕೆ.

ಇಂಗ್ಲೆಂಡನ್ನು 1066ರಲ್ಲಿ ನಾರ್ಮನ್ನರು ಗೆದ್ದರು. ಅದಕ್ಕೂ ಮುಂಚೆ ಅಲ್ಲಿ ಆಡುತ್ತಿದ್ದ ಭಾಷೆಗೆ ಹಳೆಯ ಇಂಗ್ಲಿಷ್ ಅನ್ನುತ್ತಾರೆ. ಇವತ್ತಿನ ಇಂಗ್ಲಿಷ್ ಗೊತ್ತಿದ್ದವರು ಓದಿದರೂ ಅರ್ಥವಾಗದಷ್ಟು ಬೇರೆ ಭಾಷೆ ಅದು. ಆ ಕಾಲದಲ್ಲೇ ಈ ಪದ ಇತ್ತು. ಆಗ ಅದನ್ನು 'ಬೊರ್ಡ್' ಅಂತ ಮೊಟಕಾಗಿ ಉಚ್ಚರಿಸುತ್ತಿದ್ದರು. ಮೂಲದಲ್ಲಿ ಇವು ಎರಡು ಪದಗಳು ಅನ್ನುತ್ತಾರೆ ಭಾಷಾ ಪಂಡಿತರು. ಒಂದಕ್ಕೆ ಹಲಗೆ ಅಂತ ಅರ್ಥ. ಇನ್ನೊಂದಕ್ಕೆ ಅಂಚು, ಅದರಲ್ಲೂ ಹಡಗಿನ ಪಕ್ಕ ಅಂತ ಅರ್ಥ. ಎರಡರ ಸದ್ದೂ ಒಂದೇ ಥರ ಇತ್ತು. ಹಡಗಿನ ಪಕ್ಕವನ್ನು ಕಟ್ಟುವುದೂ ಹಲಗೆಯಿಂದಲೇ. ಹಾಗಾಗಿ ಎರಡೂ ಬೆರೆತು ಒಂದಾದವು.

ಮೊದಲು ಹಲಗೆಯನ್ನು ನೋಡೋಣ. ಆ ಕಾಲದ ಕವಿಗಳು 'ಬೊರ್ಡ್' ಅಂದರೆ ಎಷ್ಟೋ ಸಲ ಅದು ಗುರಾಣಿ. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ದುಂಡಗೆ ಕತ್ತರಿಸಿ, ಮೇಲೆ ಚರ್ಮ ಹೊದಿಸಿ, ನಡುವೆ ಬಟ್ಟಲಿನಂತೆ ಉಬ್ಬಿದ ಒಂದು ಕಬ್ಬಿಣದ ಗುಬ್ಬಿ ಕೂರಿಸಿದರೆ ಗುರಾಣಿ ಸಿದ್ಧ. ಇಂಗ್ಲೆಂಡಿನ ಹಳೆಯ ಸಮಾಧಿಗಳನ್ನು ಅಗೆದಾಗ ಹಲಗೆ, ಚರ್ಮ ಎಲ್ಲ ಕೊಳೆತುಹೋಗಿ ಆ ಗುಬ್ಬಿ ಮಾತ್ರ ಸಿಗುವುದು ಜಾಸ್ತಿ. 937ರಲ್ಲಿ ಬ್ರೂನನ್‌ಬರ್ ಎಂಬಲ್ಲಿ ರಾಜ ಅಥೆಲ್‌ಸ್ಟನ್ ಒಂದು ದೊಡ್ಡ ಯುದ್ಧ ಗೆದ್ದ. ಆ ಗೆಲುವಿನ ಮೇಲೆ ಕಟ್ಟಿದ ಹಾಡಿನಲ್ಲಿ ಅವನ ಕಡೆಯವರು ಶತ್ರುಗಳ 'ಬೊರ್ಡ್‌ವೆಯಲ್' ಸೀಳಿದರು ಅಂತ ಬರುತ್ತದೆ. ಹಲಗೆಗಳ ಗೋಡೆ ಅಂತ ಅರ್ಥ. ಸೈನಿಕರು ಗುರಾಣಿಗೆ ಗುರಾಣಿ ತಾಗಿಸಿ ಸಾಲಾಗಿ ನಿಂತರೆ ಅದೇ ಗೋಡೆ.

ಇಲ್ಲಿ ಕನ್ನಡದ ಮಾತೊಂದು ಹೇಳಲೇಬೇಕು. ಹಳಗನ್ನಡದ 'ಪಲಗೆ' ನಮ್ಮ ಇವತ್ತಿನ ಹಲಗೆ. ಪಲಗೆ ಅಂದರೂ ಮರದ ಹಲಗೆ, ಗುರಾಣಿ ಎರಡೂ ಹೌದು. ಅದರ ಮೂಲವಾದ ಸಂಸ್ಕೃತದ 'ಫಲಕ'ಕ್ಕೂ ಈ ಎರಡೂ ಅರ್ಥ ಇವೆ. ಇಂಗ್ಲಿಷರನ್ನು ನಾವು ನೋಡಿರದ, ಅವರು ನಮ್ಮನ್ನು ನೋಡಿರದ ಕಾಲದಲ್ಲಿ ಎರಡೂ ಕಡೆ ಹಲಗೆ ಗುರಾಣಿಯಾಗಿತ್ತು. ಮುಂದೆ ಎರಡೂ ಕಡೆ ಅದೇ ಹಲಗೆ ಶಾಲೆಯ ಗೋಡೆ ಏರಿ ಕರಿಹಲಗೆಯಾಯಿತು, ಅಂಗಡಿಯ ಬಾಗಿಲ ಮೇಲೆ ಹತ್ತಿ ನಾಮಫಲಕವಾಯಿತು. ಕರಿಹಲಗೆ ಇಂಗ್ಲಿಷಿನಿಂದ ಬಂದದ್ದಿರಬಹುದು, ಆದರೆ ಗುರಾಣಿಯ ವಿಷಯದಲ್ಲಿ ಯಾರೂ ಯಾರಿಂದಲೂ ಕಲಿಯದೆ ಇಷ್ಟು ಹೊಂದಿಕೆ ಇರುವುದು ನನಗೆ ತುಂಬಾ ಖುಷಿ ಕೊಡುವ ಸಂಗತಿ.

ಮೈ ಕಾಯುವ ಹಲಗೆ ಇನ್ನೂ ಒಂದಿದೆ. ಕಾರಿನಲ್ಲಿ ಸ್ಟೀರಿಂಗ್ ಹಿಂದೆ ವೇಗ, ಪೆಟ್ರೋಲು ತೋರಿಸುವ ಭಾಗಕ್ಕೆ ಡ್ಯಾಶ್‌ಬೋರ್ಡ್ ಅನ್ನುತ್ತೇವಲ್ಲ, ಅದು ಕುದುರೆ ಗಾಡಿಯ ಕಾಲದ್ದು. ಕುದುರೆ ಓಡುವಾಗ ಗೊರಸಿನಿಂದ ಕೆಸರು ಹಿಂದಕ್ಕೆ ಚಿಮ್ಮುತ್ತದೆ. ಗಾಡಿ ಹೊಡೆಯುವವನ ಮೈಗೆ ಅದು ಸಿಡಿಯದಿರಲಿ ಅಂತ ಮುಂದೆ ಒಂದು ಹಲಗೆ ಅಡ್ಡ ಕಟ್ಟುತ್ತಿದ್ದರು. 19ನೇ ಶತಮಾನದಲ್ಲಿ ಅದಕ್ಕೆ ಈ ಹೆಸರು ಬಂತು. ಕುದುರೆ ಹೋಯಿತು, ಕೆಸರು ಹೋಯಿತು, ಹಲಗೆಯೂ ಹೋಯಿತು. ಈಗ ಕಂಪ್ಯೂಟರ್ ಪರದೆಯ ಮೇಲೆ ಅಂಕಿಅಂಶ ತೋರಿಸುವ ಪುಟಕ್ಕೂ ಡ್ಯಾಶ್‌ಬೋರ್ಡ್ ಅನ್ನುತ್ತಾರೆ.

ಇನ್ನು ಎರಡನೆಯ ಮೂಲಕ್ಕೆ ಬರೋಣ. ಅಂಚು, ಹಡಗಿನ ಪಕ್ಕ.

ನಾರ್ವೆಯಲ್ಲಿ ಓಸೆಬರ್ಗ್ ಎಂಬ ಕಡೆ 1904ರಲ್ಲಿ ಒಂದು ಮಣ್ಣಿನ ದಿಬ್ಬ ಅಗೆದು ಇಡೀ ಹಡಗನ್ನೇ ಹೊರತೆಗೆದರು. ಸುಮಾರು 21 ಮೀಟರ್ ಉದ್ದದ ಆ ಹಡಗನ್ನು ಕಟ್ಟಿದ್ದು 820ರ ಆಸುಪಾಸಿನಲ್ಲಿ. ಹಿಂಬದಿಗೆ ಹೋಗಿ ನೋಡಿದರೆ ಬಲಗಡೆಯ ಪಕ್ಕಕ್ಕೆ ಅಗಲವಾದ ದೊಡ್ಡ ಹುಟ್ಟು ಕಟ್ಟಿದೆ. ಹಡಗನ್ನು ತಿರುಗಿಸುತ್ತಿದ್ದದ್ದು ಅದರಿಂದ. ಚುಕ್ಕಾಣಿ ಹಿಂಭಾಗದ ನಟ್ಟನಡುವೆ ಬಂದದ್ದು ಆಮೇಲಿನ ಮಾತು. ಆಗೆಲ್ಲ ಅದು ಬಲಗಡೆಗೇ ಇರುತ್ತಿತ್ತು. ಅದಕ್ಕೇ ಬಲಗಡೆಗೆ 'ಸ್ಟೇಯೊರ್‌ಬೊರ್ಡ್' ಅಂತ ಹೆಸರು. ನಡೆಸುವ ಪಕ್ಕ ಅಂತ. ಇವತ್ತಿನ ನಾವಿಕರ 'ಸ್ಟಾರ್‌ಬೋರ್ಡ್' ಅದೇ. ಕೇಳಿದವರು ನಕ್ಷತ್ರಕ್ಕೆ ಸಂಬಂಧ ಅಂದುಕೊಳ್ಳುತ್ತಾರೆ. ನಕ್ಷತ್ರ ಅಲ್ಲಿ ಎಲ್ಲೂ ಇಲ್ಲ.

ಎಡಗಡೆಗೆ 'ಬ್ಯಾಕ್‌ಬೊರ್ಡ್' ಅನ್ನುತ್ತಿದ್ದರು. ಹುಟ್ಟು ಹಿಡಿದವನು ಬಲಕ್ಕೆ ತಿರುಗಿ ನಿಂತಾಗ ಅವನ ಬೆನ್ನು ಇರುವ ಕಡೆ. ಈ ಎರಡೂ ಪದಗಳು ಒಂದೇ ವಾಕ್ಯದಲ್ಲಿ ಬರುವ ಬರಹ ಉಳಿದಿದೆ. 9ನೇ ಶತಮಾನದ ಕೊನೆಗೆ ಇಂಗ್ಲಿಷ್ ರಾಜ ಆಲ್ಫ್ರೆಡ್‌ನ ಆಸ್ಥಾನಕ್ಕೆ ಓಟೆರೆ ಎಂಬ ನಾರ್ವೆಯವನು ಬಂದ. ತನ್ನ ನಾಡು ಉತ್ತರಕ್ಕೆ ಎಲ್ಲಿಯವರೆಗೆ ಚಾಚಿದೆ, ಅದರಾಚೆ ಜನ ಇದ್ದಾರಾ ಎಂದು ನೋಡಲು ಹಡಗು ಬಿಟ್ಟ ಕಥೆ ಹೇಳಿದ. ಮೂರು ದಿನ ಪಾಳು ನೆಲವನ್ನು ಸ್ಟೇಯೊರ್‌ಬೊರ್ಡ್‌ಗೆ, ತೆರೆದ ಕಡಲನ್ನು ಬ್ಯಾಕ್‌ಬೊರ್ಡ್‌ಗೆ ಇಟ್ಟುಕೊಂಡು ಹೋದೆ ಅಂದ. ಕೇಳಿದವರು ಅದನ್ನು ಬರೆದಿಟ್ಟರು. ಬಲಕ್ಕೆ ನೆಲ, ಎಡಕ್ಕೆ ನೀರು, ಅಂದರೆ ನಾರ್ವೆಯ ಕರಾವಳಿ ಹಿಡಿದು ಬಡಗಣಕ್ಕೆ ಹೋದ ಅಂತಾಯಿತು. ಸಾವಿರದ ನೂರು ವರ್ಷದ ಹಿಂದಿನ ಆ ದಾರಿಯನ್ನು ಇವತ್ತು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದು.

ಮುಂದೆ ಎಡಗಡೆಯ ಹೆಸರು ಬದಲಾಯಿತು. ಬಲಗಡೆಯ ಹುಟ್ಟು ಧಕ್ಕೆಗೆ ಬಡಿದರೆ ಮುರಿಯುತ್ತದಲ್ಲ, ಹಾಗಾಗಿ ಎಡ ಪಕ್ಕವನ್ನೇ ದಡಕ್ಕೆ ತಾಗಿಸಿ ಸರಕು ತುಂಬುತ್ತಿದ್ದರು. ಎಡಗಡೆ 'ಲಾರ್‌ಬೋರ್ಡ್' ಆಯಿತು. ಗಾಳಿ ಮಳೆಯ ನಡುವೆ ಸ್ಟಾರ್‌ಬೋರ್ಡ್, ಲಾರ್‌ಬೋರ್ಡ್ ಅಂತ ಕೂಗಿದರೆ ಎರಡೂ ಒಂದೇ ಥರ ಕೇಳುತ್ತದೆ. ಕಡಲಿನಲ್ಲಿ ಎಡ ಬಲ ತಪ್ಪಿದರೆ ಹಡಗು ಬಂಡೆಗೆ ಹೋಗುತ್ತದೆ. ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು 'ಪೋರ್ಟ್' ಅನ್ನಿ ಎಂದು ಆಜ್ಞೆ ಹೊರಡಿಸಿತು. ಪೋರ್ಟ್ ಅಂದರೆ ಬಂದರಿನ ಕಡೆ. ವಿಮಾನವನ್ನು ನಾವು ಎಡಗಡೆಯ ಬಾಗಿಲಿನಿಂದ ಹತ್ತುವುದೂ ಹಡಗಿನ ಈ ರೂಢಿಯಿಂದ ಬಂದದ್ದು ಎನ್ನುತ್ತಾರೆ.

ಬೋರ್ಡಿಂಗ್ ಪಾಸ್‌ನ ಬೋರ್ಡ್ ಕೂಡ ಇದೇ, ಹಡಗಿನ ಪಕ್ಕ. ಮೊದಮೊದಲು ಹಡಗನ್ನು 'ಬೋರ್ಡ್ ಮಾಡು' ಅಂದರೆ ಶತ್ರುವಿನ ಹಡಗಿನ ಪಕ್ಕಕ್ಕೆ ನಮ್ಮದನ್ನು ತಾಗಿಸಿ, ಕತ್ತಿ ಹಿಡಿದು ಹತ್ತುವುದು ಅಂತಿತ್ತು. ಆಮೇಲೆ ಟಿಕೆಟ್ ಹಿಡಿದು ಹತ್ತುವವರಿಗೂ ಅದೇ ಮಾತಾಯಿತು.

ಅಂಚು ಎಂಬ ಅರ್ಥದ ಈ ಪದ ಹಳೆಯ ಜರ್ಮನ್ ಬುಡಕಟ್ಟುಗಳ ಬಾಯಿಂದ ಫ್ರೆಂಚಿಗೂ ಹೋಗಿತ್ತು. ಅಲ್ಲಿ ಬಟ್ಟೆಯ ಅಂಚಿಗೂ ಸೇರಿಕೊಂಡು, ತಿರುಗಿ ಇಂಗ್ಲಿಷಿಗೆ 'ಬಾರ್ಡರ್' ಆಗಿ ಬಂತು. ಇಳಕಲ್ ಸೀರೆ ಕೊಳ್ಳುವಾಗ "ಬಾರ್ಡರ್ ಚೆನ್ನಾಗಿದೆ" ಅನ್ನುತ್ತೇವಲ್ಲ, ಆ ಬಾರ್ಡರ್ ಹಡಗಿನ ಬೋರ್ಡಿನ ಒಡಹುಟ್ಟು.

ಈಗ ಊಟಕ್ಕೆ ಬರೋಣ. ನನ್ನ ಮಟ್ಟಿಗೆ ಈ ಪದದ ಅತಿ ಚಂದದ ಭಾಗ ಇದು.

ಆ ಕಾಲದ ಇಂಗ್ಲೆಂಡಿನ ದೊಡ್ಡಮನೆಗಳಲ್ಲಿ ಒಂದು ಉದ್ದನೆಯ ಹಜಾರ ಇರುತ್ತಿತ್ತು. ಪಂಚಾಯಿತಿ, ಊಟ, ಆಳುಗಳ ನಿದ್ದೆ ಎಲ್ಲ ಅಲ್ಲೇ. ಸದಾ ಮೇಜು ಇಟ್ಟುಕೊಂಡರೆ ಜಾಗ ಎಲ್ಲಿಯದು? ಊಟದ ಹೊತ್ತಿಗೆ ಕವಲುಗಾಲಿನ ಮರದ ಕುದುರೆಗಳನ್ನು ತಂದು ನಿಲ್ಲಿಸಿ, ಮೇಲೆ ಉದ್ದನೆಯ ಹಲಗೆ ಹಾಸುತ್ತಿದ್ದರು. ಊಟ ಮುಗಿದ ಮೇಲೆ ಹಲಗೆ ಎತ್ತಿ ಗೋಡೆಗೆ ಒರಗಿಸುತ್ತಿದ್ದರು. ನಮ್ಮ ಕಡೆ ಮದುವೆ ಮನೆಯಲ್ಲಿ ಪಂಕ್ತಿಗೆ ಮೇಜು ಹಾಕಿ ಮಡಚಿ ಇಡುತ್ತಾರಲ್ಲ, ಹಾಗೆ. ಹೀಗೆ ಹಲಗೆ ಎಂದರೆ ಊಟದ ಮೇಜು ಎಂದಾಯಿತು. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಇವತ್ತಿಗೂ ಈ ಪದಕ್ಕೆ ಮೇಜು ಅಂತಲೇ ಅರ್ಥ. ನಾರ್ವೆಯವರು ಅದನ್ನು 'ಬೂರ್' ಅನ್ನುತ್ತಾರೆ, ಬರೆಯುವಾಗ ಮಾತ್ರ ಕೊನೆಯಲ್ಲಿ ಡ ಅಕ್ಷರ ಉಳಿದಿದೆ. ಹಾಲೆಂಡಿನಲ್ಲಿ ಅದೇ ಪದ ಊಟದ ತಟ್ಟೆ.

ಇಂಗ್ಲಿಷಿನಲ್ಲಿ ಅದು ಮೇಜಿನಿಂದ ಮೇಜಿನ ಮೇಲಿನ ಊಟಕ್ಕೆ ಜಾರಿತು. ದುಡ್ಡು ಕೊಟ್ಟು ಬೇರೆಯವರ ಮನೆಯಲ್ಲಿ ಉಣ್ಣುವವನು ಬೋರ್ಡರ್ ಆದ. ಮಕ್ಕಳು ಉಳಿದು, ಉಂಡು, ಓದುವ ಶಾಲೆ ಬೋರ್ಡಿಂಗ್ ಸ್ಕೂಲ್ ಆಯಿತು. ನಮ್ಮ ಊರುಗಳ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಇಲ್ಲಿಂದ ಬಂದದ್ದು. ಲಾಡ್ಜಿಂಗ್ ಎಂದರೆ ಮಲಗಲು ಕೋಣೆ, ಬೋರ್ಡಿಂಗ್ ಎಂದರೆ ಊಟ. ಈಗ ಎಷ್ಟೋ ಕಡೆ ಕೋಣೆಯ ಜೊತೆ ಊಟ ಇರುವುದಿಲ್ಲ, ಆದರೂ ಜೋಡಿ ಮಾತು ಗೋಡೆಯ ಮೇಲೆ ಹಾಗೇ ಇದೆ. ನಮ್ಮ ಕಬೋರ್ಡು ಕೂಡ ಮೊದಲು ಬಾಗಿಲಿದ್ದ ಬೀರು ಆಗಿರಲಿಲ್ಲ. ಲೋಟ, ಬಟ್ಟಲು ಸಾಲಾಗಿ ಜೋಡಿಸಿಡುವ ಬರೀ ಹಲಗೆ ಅದು.

ಇಸ್ಪೀಟಿನ ಮೇಜಿನಿಂದಲೂ ಒಂದು ಮಾತು ಬಂತು. ಕೈ ಮೇಜಿನ ಕೆಳಗೆ ಹೋದರೆ ಎಲೆ ಬದಲಾಯಿಸಬಹುದು. ಕೈ ಮೇಲಿದ್ದರೆ ಆಟ ಚೊಕ್ಕ. ಮುಚ್ಚುಮರೆ ಇಲ್ಲದ ವ್ಯವಹಾರಕ್ಕೆ ಇಂಗ್ಲಿಷಿನವರು 'ಅಬೋವ್ ಬೋರ್ಡ್' ಅನ್ನುವುದು ಅದಕ್ಕೆ.

ಊಟದ ಮೇಜಿನ ಸುತ್ತ ಕೂತಂತೆ ಮಾತುಕತೆಯ ಮೇಜಿನ ಸುತ್ತಲೂ ಜನ ಕೂತರು. 16ನೇ ಶತಮಾನದ ಹೊತ್ತಿಗೆ ಮೇಜಿನ ಹೆಸರೇ ಕೂತವರಿಗೆ ಹತ್ತಿತು. ಬೋರ್ಡ್ ಎಂದರೆ ಸಭೆ, ಮಂಡಳಿ. ನಮ್ಮ ನೆಲಕ್ಕೆ ಈ ಪದ ಅಧಿಕಾರದ ಗತ್ತಿನೊಂದಿಗೆ ಕಾಲಿಟ್ಟದ್ದು ಈ ಅರ್ಥದಲ್ಲಿ. 1784ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು ಲಂಡನ್ನಿನಲ್ಲಿ 'ಬೋರ್ಡ್ ಆಫ್ ಕಂಟ್ರೋಲ್' ನೇಮಿಸಿತು. 1786ರಲ್ಲಿ ಮದರಾಸಿನಲ್ಲಿ ಕಂದಾಯಕ್ಕೆ 'ಬೋರ್ಡ್ ಆಫ್ ರೆವೆನ್ಯೂ' ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಕೆನರಾ ಕಂಪನಿಯ ಕೈಸೇರಿತು. ಅಲ್ಲಿಗೆ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೊ. ಆಗ ಆ ಸೀಮೆಯ ಲೆಕ್ಕಪತ್ರ ಕಡತದಲ್ಲಿರುತ್ತಿತ್ತು. ಬಟ್ಟೆಗೆ ಇದ್ದಿಲ ಸರಿ ಬಳಿದು, ಒಣಗಿಸಿ, ಮಡಚಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಅದು. ಮನ್ರೊ ಅಂಥ ಹಳೆಯ ಲೆಕ್ಕಗಳನ್ನು ಹುಡುಕಿಸಿ, ಕೆನರಾದ ಜಮೀನು ಹೇಗೆ ರೈತರ ಸ್ವಂತ ಸೊತ್ತಾಗಿತ್ತು ಎಂದು ಮದರಾಸಿನ ಬೋರ್ಡಿಗೆ ಬರೆದ. ಬಳ್ಳಾರಿ ಕೂಡ 1800ರಲ್ಲಿ ಅದೇ ಬೋರ್ಡಿನ ಕೈಗೆ ಬಂತು. ಶ್ಯಾನುಭೋಗ ಬಳಪದಲ್ಲಿ ಬರೆದ ಸಾಲು ಸರಿಯೋ ತಪ್ಪೋ ಎಂದು ದೂರದ ಮದರಾಸಿನಲ್ಲಿ ಮೇಜಿನ ಸುತ್ತ ಕೂತವರು ತೀರ್ಮಾನ ಮಾಡುವ ಕಾಲ ಬಂತು.

1884ರ ಮದರಾಸು ಕಾನೂನು ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳನ್ನು ತಂದಿತು. ರಸ್ತೆ, ಆಸ್ಪತ್ರೆ, ಶಾಲೆ ಅವುಗಳ ಕೆಲಸ. ದಕ್ಷಿಣ ಕನ್ನಡದ ಹಿರಿಯರು ತಾವು ಓದಿದ ಶಾಲೆಯನ್ನು 'ಬೋರ್ಡ್ ಹೈಸ್ಕೂಲ್' ಅನ್ನುವುದು ಅದರಿಂದ. ಅವರಿಗೆ ಬೋರ್ಡ್ ಅಂದರೆ ಊರಿಗೆ ಓದು ತಂದ ಸಂಸ್ಥೆ. ದೂರದ ಸರ್ಕಾರದ ಪದ ಅಲ್ಲಿಗೆ ಸ್ವಲ್ಪ ಹತ್ತಿರವಾಯಿತು.

ಇನ್ನೂ ಹತ್ತಿರ ಬಂದದ್ದು ಕರೆಂಟಿನ ಜೊತೆ. 1957ರಲ್ಲಿ ಮೈಸೂರು ರಾಜ್ಯಕ್ಕೆ ವಿದ್ಯುಚ್ಛಕ್ತಿ ಮಂಡಳಿ ಬಂತು. ರಾಜ್ಯದ ಹೆಸರು ಕರ್ನಾಟಕವಾದ ಮೇಲೆ ಅದು ಕರ್ನಾಟಕ ಎಲೆಕ್ಟ್ರಿಸಿಟಿ ಬೋರ್ಡ್, ಎಲ್ಲರ ಬಾಯಲ್ಲಿ ಕೆಇಬಿ. ಹಳ್ಳಿಹಳ್ಳಿಗೆ ಕಂಬ ನೆಟ್ಟು ತಂತಿ ಎಳೆದವರು ಅವರು. 1999ರಲ್ಲಿ ಆ ಬೋರ್ಡ್ ಹೋಗಿ ನಿಗಮ ಬಂತು. 2002ರಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಅಂತ ಕಂಪನಿಗಳಾದವು. ಬಿಲ್ಲಿನ ಮೇಲೆ ಹೊಸ ಹೆಸರೇ ಇದೆ. ಆದರೆ ಮಳೆಗಾಲದ ಸಂಜೆ ಫ್ಯೂಸ್ ಹೋದರೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಬರುವ ಮಾತು ಒಂದೇ: "ಕೆಇಬಿಯವರಿಗೆ ಫೋನ್ ಮಾಡಿ."

ನಮಸ್ಕಾರ.