ವಿನ್ಯಾಸ ಪದವಿಯ ಪ್ರವೇಶ ಮತ್ತು ಕಾಸರಗೋಡಿನ ಮಕ್ಕಳು

ಕೇಳುಗರಿಗೆ ನಮಸ್ಕಾರ.

ಮಕ್ಕಳು ಪ್ಲಸ್ ಟು ಮುಗಿಸುವ ಹೊತ್ತಿಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಎಂಬ ಮಾತುಗಳು ಬರುತ್ತವೆಯೇ ಹೊರತು, ಬಿ.ಡೆಸ್. ಎಂಬ ನಾಲ್ಕು ವರ್ಷದ ವಿನ್ಯಾಸ ಪದವಿಯ ಪ್ರಸ್ತಾಪ ಬರುವುದು ತೀರ ಅಪರೂಪ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾದದ್ದು 1961ರಲ್ಲಿ. ನೆರೆಯ ಕಣ್ಣೂರಿನಲ್ಲೇ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆಯ, ಅಂದರೆ ನಿಫ್ಟಿನ, ಕ್ಯಾಂಪಸ್ ಇದೆ. ಈ ಎರಡೂ ಸಂಸ್ಥೆಗಳ ಬಿ.ಡೆಸ್.ಗೆ ವಿಜ್ಞಾನವನ್ನೇ ಓದಿರಬೇಕೆಂಬ ನಿರ್ಬಂಧವಿಲ್ಲ; ಕಲೆ, ವಾಣಿಜ್ಯ ಓದಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಇಷ್ಟು ವಿಷಯವೂ ನಮ್ಮ ಅನೇಕ ಶಾಲೆಗಳಿಗೆ ತಲುಪಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಆ ಪರೀಕ್ಷೆಗಳು ಹುಡುಕುವುದೇನನ್ನು? ಚಿತ್ರ ಬಿಡಿಸುವ ಕೈ, ಸುತ್ತಲಿನ ವಸ್ತುಗಳನ್ನು ಗಮನಿಸುವ ಕಣ್ಣು, ಕೊಟ್ಟ ಸಾಮಗ್ರಿಯಿಂದ ಮಾದರಿಯೊಂದನ್ನು ರೂಪಿಸುವ ಜಾಣ್ಮೆ. ನಮ್ಮಲ್ಲಿ ಅಡಿಕೆ ಹಾಳೆಯಿಂದ ಮುಟ್ಟಾಳೆ ಎಂಬ ಟೋಪಿ ಮಾಡುವವರನ್ನು ನೋಡಿ. ಹಾಳೆಯನ್ನು ನೀರಿನಲ್ಲಿ ನೆನೆಹಾಕಿ, ಅದು ಮೆತ್ತಗಾದ ಮೇಲೆ ನಾರಿನ ಜಾಡು ಹಿಡಿದು, ಸೀಳು ಬಿಡದಂತೆ ಮಡಚಿ, ಅಂಚನ್ನು ಹೊಲಿದು ತಲೆಯ ಅಳತೆಗೆ ಕೂರಿಸುತ್ತಾರೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಡುವ ಕಲಾವಿದನ ಪಕ್ಕದಲ್ಲಿ ಕುಳಿತ ಹುಡುಗ, ಬೆತ್ತ ಸೀಳಿ ಬುಟ್ಟಿ ಹೆಣೆಯುವ ಕೊರಗರ ಮನೆಯ ಹುಡುಗಿ, ಕಾಸರಗೋಡು ಸೀರೆಯ ಮಗ್ಗವನ್ನು ನೋಡುತ್ತ ಬೆಳೆದ ಮಗು, ಇವರೆಲ್ಲ ವಸ್ತುವಿನ ಗುಣವನ್ನು ಬಲ್ಲವರು. ಇದೂ ವಿನ್ಯಾಸದ ಪಾಠವೇ ಎಂದು ಅವರಿಗೆ ಹೇಳುವವರಿಲ್ಲ.

ಪರೀಕ್ಷೆಯಲ್ಲಿ ಮುಂದೆ ಬರುವವರಲ್ಲಿ ನಗರದ ಇಂಗ್ಲಿಷ್ ಶಾಲೆಗಳಲ್ಲಿ ಓದಿ, ಹಣ ತೆತ್ತು ತರಬೇತಿ ಪಡೆದವರು ಹೆಚ್ಚಿದ್ದರೆ, ಅದಕ್ಕೆ ಪ್ರತಿಭೆಯೊಂದೇ ಕಾರಣವೆಂದು ನಾನು ಒಪ್ಪಲಾರೆ. ಐಐಟಿಗಳ ಬಿ.ಡೆಸ್.ಗಾಗಿ ಮುಂಬಯಿ ಐಐಟಿ ನಡೆಸುವ ಯುಸೀಡ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ. ನಿಫ್ಟಿನದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಚಿತ್ರದಲ್ಲಿ ಉತ್ತರಿಸಬಲ್ಲ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವಲ್ಲೇ ಸಮಯ ಕಳೆದುಕೊಳ್ಳುತ್ತದೆ. ಕೈಕೆಲಸವನ್ನೂ ಕಲ್ಪನೆಯನ್ನೂ ಅಳೆಯುವ ಪರೀಕ್ಷೆ ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕೆಂದು ಕೇಳುವುದು ನ್ಯಾಯವೇ ಆಗಿದೆ. ಪದವಿಯ ಒಟ್ಟು ವೆಚ್ಚ ಹಲವು ಲಕ್ಷ ರೂಪಾಯಿ ದಾಟುವುದರಿಂದ ಮೀಸಲಾತಿ, ವಿದ್ಯಾರ್ಥಿವೇತನಗಳ ವಿವರವೂ ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಭಾಷೆ ಬದಲಾಗುವವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಯುಸೀಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ವಾರಕ್ಕೊಂದು ಸಂಜೆ ಅಧ್ಯಾಪಕರು ಅವನ್ನು ಕನ್ನಡದಲ್ಲಿ ವಿವರಿಸಿ, ಮಕ್ಕಳಿಂದ ಮನೆಯ ಸುತ್ತಲಿನ ವಸ್ತುಗಳ ಚಿತ್ರ ಬರೆಯಿಸಬಹುದು. ಅರ್ಜಿಗಳನ್ನು ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ ಕರೆಯುತ್ತಾರೆ; ಯುಸೀಡ್ ಪರೀಕ್ಷೆ ಜನವರಿಯಲ್ಲಿ. ಪ್ಲಸ್ ವನ್‌ಗೆ ಸೇರಿದ ಕೂಡಲೇ ಈ ಮಾಹಿತಿ ಕಿವಿಗೆ ಬಿದ್ದರೆ ಮಕ್ಕಳಿಗೆ ಸಿದ್ಧತೆಗೆ ಒಂದೂವರೆ ವರ್ಷ ಸಿಗುತ್ತದೆ.