ಹದಿನಾರು ಯೂರೋ ಬಾಟಲಿ, ಅದೂ ಫ್ರಿಜ್‌ನಿಂದ ತೆಗೆದದ್ದು

ಸರಿ, ಇದು ಬೆಲ್ಜಿಯಂನ ಲುವೆನ್ ಊರಲ್ಲಿರುವ ನಮ್ಮ ರೂಮಿನ ಅಡುಗೆಮನೆ. ತಟ್ಟೆಯಲ್ಲಿ ಕಾಣುತ್ತಿರುವುದು ಖಾರಾಬೂಂದಿ, ಊರಿಂದ ಬಂದದ್ದು, ಅದನ್ನು ಬಿಡಿ. ಇವತ್ತಿನ ವಿಡಿಯೋದಲ್ಲಿ ನಾಲ್ಕು ಬಾಟಲಿ ರುಚಿ ನೋಡುತ್ತೇನೆ. ನಾಲ್ಕೂ ಕ್ರೈಸ್ತ ಸನ್ಯಾಸಿಗಳ ಮಠದ ಹೆಸರು ಹೇಳಿಕೊಳ್ಳುವ ಬಿಯರ್‌ಗಳೇ. ಮಠದೊಳಗೇ ತಯಾರಾಗಿದ್ದು ಮಾತ್ರ ಎರಡು.

ಮೊದಲು ಲೆಫ್. ಲೇಬಲ್ ಮೇಲೆ ಮಠ ಇದೆ ನೋಡಿ. ಆ ಮಠ ದಿನಾನ್‌ನಲ್ಲಿ ನಿಜವಾಗಿಯೂ ಇದೆ. ಆದರೆ ಬಿಯರ್ ತಯಾರಾಗುವುದು ಇಲ್ಲಿ, ನಮ್ಮ ಲುವೆನ್‌ನಲ್ಲಿ, ಸ್ಟೆಲ್ಲಾ ಬಿಯರ್ ಮಾಡುವ ಫ್ಯಾಕ್ಟರಿಯಲ್ಲಿ! ರುಚಿ? ಸಿಹಿ ಜಾಸ್ತಿ. ಮುಂದೆ.

ವೆಸ್ಟ್‌ಮಾಲೆ ಮಠದ ಟ್ರಿಪೆಲ್, ಅಂದ್ರೆ ಹೊಂಬಣ್ಣದ ಸ್ಟ್ರಾಂಗ್ ಬಿಯರ್. ಇದರ ಮೇಲೆ ಆರು ಮೂಲೆಯ ಟ್ರಾಪಿಸ್ಟ್ ಮುದ್ರೆ ಇದೆ, ಟ್ರಾಪಿಸ್ಟ್ ಅಂದ್ರೆ ಒಂದು ಕ್ರೈಸ್ತ ಸನ್ಯಾಸಿ ಪಂಗಡ. ಆ ಮುದ್ರೆ ಬೇಕಾದರೆ ಬಿಯರ್ ಮಠದ ಆವರಣದಲ್ಲೇ, ಸನ್ಯಾಸಿಗಳ ಕಣ್ಣಳತೆಯಲ್ಲಿ ತಯಾರಾಗಬೇಕು. ಲಾಭ ಮಠದ ಖರ್ಚಿಗೆ ಮತ್ತು ದಾನಕ್ಕೆ ಹೋಗಬೇಕು. ಮೂಗಿನ ಹತ್ತಿರ ತಂದರೆ ಲವಂಗ, ಚೆನ್ನಾಗಿ ಮಾಗಿದ ಬಾಳೆಹಣ್ಣು. ಎರಡನ್ನೂ ಯಾರೂ ಹಾಕಿಲ್ಲ, ಎಲ್ಲಾ ಯೀಸ್ಟ್‌ನ ಕೆಲಸ. 9.5% ಆಲ್ಕೋಹಾಲ್ ಇದೆ ಅಂತ ನಾಲಿಗೆಗೆ ಗೊತ್ತೇ ಆಗಲ್ಲ. ಎದ್ದು ನಿಂತಾಗ ಗೊತ್ತಾಗುತ್ತೆ. ನನ್ನ ಪ್ರಕಾರ ಇವತ್ತಿನ ಗೆಲುವು ಇದರದ್ದೇ, ಬರೆದಿಟ್ಟುಕೊಳ್ಳಿ.

ಈಗ ಹಳದಿ ಮುಚ್ಚಳದ್ದು, ವೆಸ್ಟ್‌ವ್ಲೇಟರೆನ್ 12. ಇದರ ಬಗ್ಗೆ ನನಗೆ ಹೊಟ್ಟೆಯುರಿ ಇದೆ, ಹೇಳಿಯೇ ಬಿಡುತ್ತೇನೆ. ಬ್ರಸೆಲ್ಸ್‌ನಲ್ಲಿ ಟೂರಿಸ್ಟ್‌ಗಳು ಓಡಾಡುವ ಬೀದಿಯ ಒಂದು ಅಂಗಡಿಯಲ್ಲಿ ತಗೊಂಡೆ. ಒಂದಕ್ಕೆ ಹದಿನಾರು ಯೂರೋ! 33 ಸೆಂಟಿಲೀಟರ್! ಮಠದಲ್ಲೇ ಕೊಂಡರೆ ಅದರ ಕಾಲು ಭಾಗವೂ ಆಗಲ್ಲ. ಕೊಂಡವರು ಮತ್ತೆ ಮಾರಬಾರದು ಅಂತ ಸನ್ಯಾಸಿಗಳು ಕೇಳಿಕೊಂಡಿದ್ದಾರೆ. ಮೊದಲು ಫೋನ್ ಮಾಡಿ, ಕಾರಿನ ನಂಬರ್ ಕೊಟ್ಟು ಬುಕ್ ಮಾಡಬೇಕಿತ್ತಂತೆ, ಒಬ್ಬರೇ ಮೂಟೆಗಟ್ಟಲೆ ಹೊತ್ತೊಯ್ಯಬಾರದು ಅಂತ. 2019ರಿಂದ ಆನ್‌ಲೈನ್. ಇಷ್ಟೆಲ್ಲಾ ಕಟ್ಟುಪಾಡು ಮಾಡಿದರೂ ಬಾಟಲಿ ಬ್ರಸೆಲ್ಸ್‌ನ ಗಾಜಿನ ಕಪಾಟಿಗೆ ಬಂದು ಕೂತಿದೆ. ಅಲ್ಲಿ ಬೆಲೆ ಚೀಟಿ ಕೂಡ ಇರಲಿಲ್ಲ. ಬಿಲ್ ಬಂದ ಮೇಲೆ ವಾಪಸ್ ಇಡಲು ನಾಚಿಕೆ ಆಯಿತು. ಹಿಂದೆ ಕ್ಯೂ ಬೇರೆ. ಹದಿನಾರು ಯೂರೋಗೆ ವಾರದ ಅಕ್ಕಿ, ಬೇಳೆ, ತರಕಾರಿ ಮುಗಿದುಹೋಗುತ್ತಿತ್ತು.

ಇಲ್ಲಿ ನಾನು ಮುಖ ಕಿವುಚುತ್ತಿದ್ದೇನಲ್ಲ, ಅದು ಬಿಯರ್ ತಪ್ಪಲ್ಲ. ಬಿಯರ್ ಅಂದ್ರೆ ಚಿಲ್ಡ್ ಅಂತ ಮಂಡ್ಯದಿಂದ ಬಂದ ಅಭ್ಯಾಸ, ರಾತ್ರಿಯೆಲ್ಲಾ ಫ್ರಿಜ್‌ನಲ್ಲಿಟ್ಟಿದ್ದೆ. ಏನೂ ರುಚಿ ಇಲ್ಲ. ತಣ್ಣನೆಯ ಕಹಿ ನೀರು ಅಷ್ಟೇ. ಇಂಥ ಗಾಢ ಬಿಯರ್‌ಗೆ ಹನ್ನೆರಡು ಡಿಗ್ರಿ ಆಸುಪಾಸು ಇರಬೇಕು. ಕ್ಯಾಮೆರಾ ಹಿಂದಿನಿಂದ ರೂಮ್‌ಮೇಟ್ ಹೇಳಿದ್ದು ಕೇಳಿಸಿತಾ? "ಮಗಾ, ಮೈಕ್ರೋವೇವ್‌ನಲ್ಲಿ ಇಡು." ಇಡಲಿಲ್ಲ. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕಾದೆ. ಆ ಇಪ್ಪತ್ತು ನಿಮಿಷ ಕಟ್ ಮಾಡಿದ್ದೇನೆ, ಖಾರಾಬೂಂದಿ ಖಾಲಿಯಾಗಿದ್ದು ಆಗಲೇ.

ಈಗ ನೋಡಿ. ಒಣದ್ರಾಕ್ಷಿ, ಖರ್ಜೂರ, ಆಮೇಲೆ... ಆಲೆಮನೆ! ಕೊಪ್ಪರಿಗೆಯಲ್ಲಿ ಬೆಲ್ಲ ಇನ್ನೇನು ಸೀಯುತ್ತೆ ಅನ್ನುವಾಗ ಬರುವ ವಾಸನೆ ಇದೆಯಲ್ಲ, ಅದು. ಇಲ್ಲಿ ಕಬ್ಬಲ್ಲ, ಬೀಟ್ ಸಕ್ಕರೆಯನ್ನು ಕಾಯಿಸಿ ಕಪ್ಪು ಮಾಡಿ ಹಾಕುತ್ತಾರೆ. ಯೀಸ್ಟ್ ಆ ಸಕ್ಕರೆಯನ್ನು ಬಹುಪಾಲು ತಿಂದುಬಿಡುತ್ತೆ, ಅದಕ್ಕೇ 10.2% ಇದ್ದರೂ ಪಾಯಸದ ಥರ ಗಂಟಲಿಗೆ ಅಂಟಲ್ಲ. ಟ್ರಿಪೆಲ್ ಗೆದ್ದಿತು ಅಂದಿದ್ದೆನಲ್ಲ, ವಾಪಸ್ ತಗೊಂಡೆ.

ಕೊನೆಯದು ಸೇಂಟ್ ಬರ್ನಾರ್ಡಸ್ ಆಪ್ಟ್ 12, ವಾತೌ ಊರಿನದು. ಲೇಬಲ್ ಮೇಲೆ ನಗುವ ಸನ್ಯಾಸಿ ಇದ್ದಾನೆ, ಬ್ರೂವರಿಯಲ್ಲಿ ಸನ್ಯಾಸಿ ಇಲ್ಲ. ಆದರೆ ವೆಸ್ಟ್‌ವ್ಲೇಟರೆನ್ ಮಠದಿಂದ ಲೈಸೆನ್ಸ್ ಪಡೆದು 1946ರಿಂದ 1992ರವರೆಗೆ ಬಿಯರ್ ಮಾಡಿದವರು ಇವರೇ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತೆ, ಮೂರು ಯೂರೋ ಕೂಡ ಕೊಡಲಿಲ್ಲ. ಸ್ವಲ್ಪ ಸಿಹಿ ಹೆಚ್ಚು, ಹಣ್ಣಿನ ವಾಸನೆಯೂ ಹೆಚ್ಚು. ಹಳದಿ ಮುಚ್ಚಳದ್ದು ಇದಕ್ಕಿಂತ ಒಂದು ಕೂದಲೆಳೆ ಮೇಲು. ಹದಿಮೂರು ಯೂರೋ ಮೇಲಂತೂ ಅಲ್ಲ.

ಬ್ಯಾಟರಿ ಕೆಂಪಾಯಿತು. ಲೋಟ ತೊಳೆಯುವ ಸರದಿ ಯಾರದು ಅನ್ನೋ ಜಗಳ ರೆಕಾರ್ಡ್ ಆಗಿಲ್ಲ, ಸದ್ಯ.